ವಚನ ಚುಚ್ಚಿದಾಗ ಅತ್ತರೆ ಸಾಕೇ?

ಪ್ರಶ್ನೆ: ಸತ್ಯವೇದ (ಬೈಬಲ್) ಓದುವಾಗ ಕೆಲವು ವಚನಗಳು ನನಗೇ ಹೇಳಿದಂತೆ ಚುಚ್ಚುತ್ತವೆ. ಪ್ರಾರ್ಥನೆಯಲ್ಲಿ ಅಳುತ್ತೇನೆ, ಮನಸ್ಸು ಹಗುರವಾಗುತ್ತದೆ. ವಾರ ಕಳೆಯುವುದರೊಳಗೆ ಮತ್ತೆ ಮೊದಲಿನಂತೆಯೇ ಆಗುತ್ತೇನೆ. ಹಾಗಾದರೆ ಆ ಕಣ್ಣೀರು ಮಾನಸಾಂತರವಲ್ಲವೇ?

ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಎಲ್ಲಿ ಸತ್ಯವೇದ ಅಧ್ಯಯನಕ್ಕೆ ಕುಳಿತರೂ ಈ ಪ್ರಶ್ನೆ ಬರುತ್ತದೆ. ಉಪವಾಸ ಕೂಟದ ಮರುವಾರವಂತೂ ತಪ್ಪದೆ ಬರುತ್ತದೆ. ಎಷ್ಟು ಬಾರಿ ಉತ್ತರಿಸಿದ್ದೇನೋ! ಈ ಸಲ ದಯವಿಟ್ಟು ಸತ್ಯವೇದವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ.

ಮಾನಸಾಂತರವೆಂದರೆ ಪಾಪವನ್ನು ಬಿಟ್ಟು ದೇವರ ಕಡೆಗೆ ತಿರುಗಿಕೊಳ್ಳುವುದು. ಅದರ ಜೊತೆಗೆ ಅಳು ಬರಬಹುದು, ಬಾರದೆಯೂ ಇರಬಹುದು. ಆದರೆ ಅಳುವೇ ಮಾನಸಾಂತರ ಎಂಬ ನಂಬಿಕೆ ನಮ್ಮ ಸಭೆಗಳಲ್ಲಿ ಆಳವಾಗಿ ಬೇರೂರಿದೆ. ಪ್ರಸಂಗ ಹೇಗಿತ್ತು ಎಂದು ಕೇಳಿದರೆ "ಎಲ್ಲರೂ ಅತ್ತುಬಿಟ್ಟರು" ಎನ್ನುತ್ತಾರೆ. ಯಾವ ವಾಕ್ಯದ ಮೇಲೆ ಪ್ರಸಂಗ ಎಂದು ಕೇಳಿದರೆ ನೆನಪಿರುವುದಿಲ್ಲ.

1 ಸಮುವೇಲ 24ನೇ ಅಧ್ಯಾಯ ನೋಡಿ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನು ಗವಿಯಲ್ಲಿ ಕೈಗೆ ಸಿಕ್ಕಾಗ ದಾವೀದನು ಅವನನ್ನು ಕೊಲ್ಲದೆ ಬಟ್ಟೆಯ ಅಂಚನ್ನು ಮಾತ್ರ ಕತ್ತರಿಸಿಕೊಂಡನು. ಅದು ತಿಳಿದಾಗ ಸೌಲನು ಗಟ್ಟಿಯಾಗಿ ಅತ್ತನು, ನೀನು ನನಗಿಂತ ನೀತಿವಂತ ಎಂದೂ ಒಪ್ಪಿಕೊಂಡನು. 26ನೇ ಅಧ್ಯಾಯದಲ್ಲಿ ಅದೇ ಸೌಲನು 3000 ಮಂದಿ ಯೋಧರನ್ನು ಕಟ್ಟಿಕೊಂಡು ಅದೇ ದಾವೀದನನ್ನು ಹುಡುಕುತ್ತಿದ್ದಾನೆ. ಅವನ ಕಣ್ಣೀರು ನಾಟಕವೆಂದು ನಾನು ಹೇಳುವುದಿಲ್ಲ, ಆ ಗಳಿಗೆಗೆ ಅದು ನಿಜವೇ. ಆದರೆ ಅತ್ತ ಮೇಲೆ ಅವನು ಮಾಡಿದ್ದೇನು? ಮನೆಗೆ ಹಿಂದಿರುಗಿದನು, ಅಷ್ಟೆ. ದಾವೀದನನ್ನು ಅರಮನೆಗೆ ಕರೆಯಲಿಲ್ಲ. ದಾವೀದನ ಹೆಂಡತಿ ಮೀಕಲಳನ್ನು ಬೇರೊಬ್ಬನಿಗೆ ಕೊಟ್ಟಿದ್ದನಲ್ಲ, ಆ ಅನ್ಯಾಯವನ್ನೂ ಸರಿಪಡಿಸಲಿಲ್ಲ.

ಈಗ ಲೂಕ 19ಕ್ಕೆ ಬನ್ನಿ. ಸುಂಕದವರ ಮುಖ್ಯಸ್ಥನಾದ ಜಕ್ಕಾಯನು ಅತ್ತನೆಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. ಯೇಸುವನ್ನು ನೋಡಲು ಹತ್ತಿದ್ದ ಮರದಿಂದ ಇಳಿದು ಸಂತೋಷದಿಂದ ಅವನನ್ನು ಮನೆಗೆ ಸೇರಿಸಿಕೊಂಡನು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಸಿದದ್ದಕ್ಕೆ ನಾಲ್ಕರಷ್ಟು ಎಂದನು. ತಪ್ಪೊಪ್ಪಿಕೊಂಡವನು ಮೂಲಹಣದ ಜೊತೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕೆಂದು ಅರಣ್ಯಕಾಂಡ 5ರಲ್ಲಿದೆ. ಜಕ್ಕಾಯನು ಅದನ್ನು ಎಷ್ಟೋ ದಾಟಿ ಹೋದನು. ನಮ್ಮ ಕೋಲಾರದ ಟೊಮೆಟೊ ಮಂಡಿಯ ಲೆಕ್ಕದಲ್ಲಿ, ರೈತನಿಗೆ ಒಂದು ಬಾಕ್ಸಿನ ಹಣ ತಪ್ಪಿಸಿದವನು ನಾಲ್ಕು ಬಾಕ್ಸಿನ ಹಣ ಹಿಡಿದು ಆ ರೈತನ ಊರಿಗೆ ಹೋದಂತೆ. ಆ ಮನೆಗೆ ರಕ್ಷಣೆಯಾಯಿತೆಂದು ಯೇಸು ಹೇಳಿದ್ದು ಈ ಮಾತಿನ ಮೇಲೆ.

"ಅರಸ ಯೋಷೀಯನು ಅತ್ತನಲ್ಲ?" ಎಂದು ಕೇಳುವವರಿದ್ದಾರೆ. ಹೌದು, ಧರ್ಮಶಾಸ್ತ್ರದ ಮಾತು ಕಿವಿಗೆ ಬಿದ್ದಾಗ ಬಟ್ಟೆ ಹರಿದುಕೊಂಡು ಅತ್ತನು. ಆದರೆ 2 ಅರಸುಗಳು 22ಕ್ಕೆ ಪುಸ್ತಕ ಮುಚ್ಚಬೇಡಿ. 23ನೇ ಅಧ್ಯಾಯದಲ್ಲಿ ಅವನು ಜನರಿಗೆಲ್ಲ ಆ ಗ್ರಂಥವನ್ನು ಓದಿಸುತ್ತಾನೆ, ದೇವಾಲಯದಿಂದ ವಿಗ್ರಹಗಳನ್ನು ಹೊರಹಾಕುತ್ತಾನೆ, ಪಸ್ಕಹಬ್ಬವನ್ನು ಆಚರಿಸಲು ಆಜ್ಞಾಪಿಸುತ್ತಾನೆ. ಅವನ ಮಗ ಯೆಹೋಯಾಕೀಮನು ಪ್ರವಾದಿ ಯೆರೆಮೀಯನ ಮಾತುಗಳನ್ನು ಬರೆದಿದ್ದ ಸುರುಳಿಯನ್ನು ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕಿದನು. ಆಗ ಅರಸನಾಗಲಿ ಸೇವಕರಾಗಲಿ ಹೆದರಲಿಲ್ಲ, ಬಟ್ಟೆ ಹರಿದುಕೊಳ್ಳಲಿಲ್ಲ ಎಂದು ಯೆರೆಮೀಯ 36 ಬೇಕೆಂದೇ ದಾಖಲಿಸುತ್ತದೆ. ತಂದೆ ಹರಿದದ್ದು ತನ್ನ ಬಟ್ಟೆಯನ್ನು, ಮಗ ಕತ್ತರಿಸಿದ್ದು ದೇವರ ವಾಕ್ಯವನ್ನು. ಇನ್ನು ಸೆರೆಯಲ್ಲಿದ್ದ ಅಪೊಸ್ತಲ ಪೌಲನ ಮಾತು ಕೇಳಿದ ರೋಮನ್ ಅಧಿಪತಿ ಫೇಲಿಕ್ಸನಂಥವರು ಭಯಪಟ್ಟು, ಸಮಯ ಸಿಕ್ಕಾಗ ಕರೆಸುತ್ತೇನೆ ಎಂದು ಪೌಲನನ್ನು ಕಳುಹಿಸಿಬಿಡುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಈ ಗುಂಪಿನವರೇ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಅಳು ಬಂದರೆ ಅಳಿ. ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನೂ ಬಹಳ ವ್ಯಥೆಪಟ್ಟು ಅತ್ತನು. ಆದರೆ ಮೊಣಕಾಲೂರಿದ ಜಾಗದಿಂದ ಏಳುವ ಮುಂಚೆ, ಆ ವಚನ ಚುಚ್ಚಿದ್ದು ಯಾರ ಕುರಿತು, ಯಾವ ಹಣದ ಕುರಿತು, ಯಾವ ಮಾತಿನ ಕುರಿತು ಎಂದು ದೇವರ ಮುಂದೆ ಸ್ಪಷ್ಟವಾಗಿ ಹೇಳಿ. "ನಾವೇನು ಮಾಡಬೇಕು?" ಎಂದು ಕೇಳಿದ ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೇಳಬೇಡಿ ಎಂದು ಸ್ನಾನಿಕನಾದ ಯೋಹಾನನು ಹೇಳಿದನು. ಅಷ್ಟು ನೇರವಾದ ಉತ್ತರ ನಿಮಗೂ ಸಿಗುತ್ತದೆ. ಅಣ್ಣನೊಡನೆ ಜಮೀನಿನ ಬದುವಿನ ಜಗಳವಿದ್ದರೆ ಅಣ್ಣನ ಮನೆಗೆ ಹೋಗಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು ಎಂದು ಮತ್ತಾಯ 5ರಲ್ಲಿ ಯೇಸುವೇ ಹೇಳಿದ್ದಾನೆ. ಮತ್ತೆ ಬಿದ್ದರೆ ಮತ್ತೆ ಹೋಗಿ. ವಚನ ಇನ್ನೂ ಚುಚ್ಚುತ್ತಿದೆಯೆಂದರೆ ದೇವರು ನಿಮ್ಮನ್ನು ಕೈಬಿಟ್ಟಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕು. ಚುಚ್ಚುವ ವಚನವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ, ಮುನಿಸಿಕೊಂಡ ನಾದಿನಿ ನೋಡಿದಳೇ ಎಂದು ಕಾಯುವ ಅಭ್ಯಾಸ ಈಗ ವಿಪರೀತವಾಗಿದೆ. ನನಗೆ ಇದು ಬಹಳ ನೋವು ಕೊಡುತ್ತದೆ. ಪ್ರವಾದಿ ನಾತಾನನು ಹಾಗೆ ಮಾಡಲಿಲ್ಲ. ಊರೀಯನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಕೊಲ್ಲಿಸಿದ್ದ ಅರಸ ದಾವೀದನ ಮುಂದೆ ತಾನೇ ಹೋಗಿ ನಿಂತನು, ಬಡವನ ಹೆಣ್ಣು ಕುರಿಮರಿಯ ಕಥೆ ಹೇಳಿದನು, ದಾವೀದನು ಕೋಪದಿಂದ ತೀರ್ಪು ಕೊಟ್ಟ ಮೇಲೆ "ಆ ಮನುಷ್ಯನು ನೀನೇ" ಎಂದು ಮುಖ ನೋಡಿ ಹೇಳಿದನು. ದಾವೀದನು ಪಾಪವನ್ನು ಒಪ್ಪಿಕೊಂಡಾಗ ಕ್ಷಮೆಯ ಮಾತನ್ನೂ ಅವನೇ ತಿಳಿಸಿದನು. ಎಷ್ಟೋ ವರ್ಷಗಳ ನಂತರ, ಮುದುಕನಾಗಿ ಮಲಗಿದ್ದ ದಾವೀದನ ಕೋಣೆಗೆ ಸೊಲೊಮೋನನ ಪಟ್ಟದ ವಿಷಯ ಮಾತನಾಡಲು ಬಂದವರಲ್ಲಿ ಅದೇ ನಾತಾನನೂ ಇದ್ದನು.