ಹೋಮ್‌ಸ್ಕೂಲಿಂಗ್‌ನ ಮೊದಲ ವರ್ಷ: ಸುಸ್ತಾದರೆ ನಂಬಿಕೆ ಕಡಿಮೆ ಅಂತಲ್ಲ

ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತೇವೆ ಎಂದು ಹೊರಟ ಕ್ರೈಸ್ತ ಕುಟುಂಬಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಮೊದಲ ಕೆಲವು ವಾರ ಯಾರಿಗೂ ನನ್ನ ನೆನಪಿರುವುದಿಲ್ಲ. ಹೊಸ ಪುಸ್ತಕ, ಗೋಡೆಯ ಮೇಲೆ ಬಣ್ಣಬಣ್ಣದ ಟೈಮ್‌ಟೇಬಲ್, ಎಲ್ಲರಿಗೂ ಹುರುಪು. ಫೋನ್ ಬರುವುದು ಎರಡನೇ ತಿಂಗಳಲ್ಲಿ, ಹೆಚ್ಚಾಗಿ ತಾಯಿಯಿಂದ. ಗಣಿತಕ್ಕೆ ಯಾವ ಪುಸ್ತಕ ಒಳ್ಳೆಯದು ಅಂತ ಮಾತು ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ನಿಜವಾದ ಪ್ರಶ್ನೆ ಬರುತ್ತದೆ: "ದೇವರು ನಮ್ಮನ್ನು ಇದಕ್ಕೆ ಕರೆದೇ ಇರಲಿಲ್ವೇನೋ?"

ನಾನು ಮೊದಲು ಕೇಳುವುದು ನಿದ್ದೆಯ ಬಗ್ಗೆ. ಆಮೇಲೆ ಊಟದ ಬಗ್ಗೆ. ಪ್ರವಾದಿ ಎಲೀಯನ ಕಥೆ ನಿಮಗೆ ಗೊತ್ತೇ ಇದೆ, ಸತ್ಯವೇದದ ಒಂದನೇ ಅರಸುಗಳು 19ನೇ ಅಧ್ಯಾಯ. ಇನ್ನು ಸಾಕು, ಪ್ರಾಣ ತೆಗೆದುಬಿಡು ಎಂದು ಗಿಡದ ಕೆಳಗೆ ಮಲಗಿದವನಿಗೆ ಮೊದಲು ಸಿಕ್ಕಿದ್ದು ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಎಬ್ಬಿಸಿ ಇನ್ನೊಮ್ಮೆ ತಿನ್ನಿಸಲಾಯಿತು. ದೇವರ ಜೊತೆ ಮಾತುಕತೆ ನಡೆದದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ.

ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಬೇಗ ಆತ್ಮಿಕ ಹೆಸರು ಬಿದ್ದುಬಿಡುತ್ತದೆ. ಅಮ್ಮನಿಗೆ ಸುಸ್ತಾದರೆ ನಂಬಿಕೆ ಕಡಿಮೆ. ಮಗುವಿಗೆ ಭಾಗಾಕಾರ ಬಾರದಿದ್ದರೆ ಅವಿಧೇಯತೆ. ಕಾಯಿಲೆ ಒಂದು, ಔಷಧಿ ಇನ್ನೊಂದು. ಲೆಕ್ಕ ತಪ್ಪಿದ್ದಕ್ಕೆ ಸತ್ಯವೇದದ ವಚನವನ್ನು ಮತ್ತೆ ಮತ್ತೆ ಬರೆಸುವ ತಂದೆತಾಯಿಯರನ್ನು ನೋಡಿದ್ದೇನೆ. ಆ ಮಗುವಿಗೆ ದೇವರ ವಾಕ್ಯ ಅಂದರೆ ಶಿಕ್ಷೆ ಅಂತಲೇ ನೆನಪುಳಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. "ಮಾಡಲ್ಲ" ಅನ್ನುವುದು ಬೇರೆ, "ಬರಲ್ಲ" ಅನ್ನುವುದು ಬೇರೆ. ಗೊತ್ತಾಗದಿದ್ದರೆ ಅದೇ ಬಗೆಯ ಸುಲಭದ ಲೆಕ್ಕ ಕೊಟ್ಟು ನೋಡಿ. ಖುಷಿಯಿಂದ ಮಾಡಿದರೆ ಹಿಂದಿನ ಪಾಠ ಗಟ್ಟಿಯಾಗಿಲ್ಲ ಅಂತ ಅರ್ಥ. ಅಲ್ಲಿಗೆ ವಾಪಸ್ ಹೋಗಿ.

ಇನ್ನೊಂದು ತೊಂದರೆ, ಶಾಲೆಯನ್ನೇ ಮನೆಗೆ ತಂದು ಕೂರಿಸುವುದು. ಬೆಳಗ್ಗೆಯಿಂದ ಸಂಜೆಯವರೆಗೆ ಪೀರಿಯಡ್, ಪ್ರತಿ ವಿಷಯಕ್ಕೂ ಟೆಸ್ಟ್. ಶಾಲೆಯ ದಿನದಲ್ಲಿ ಹಾಜರಿಗೆ, ಸಾಲು ನಿಲ್ಲಿಸುವುದಕ್ಕೆ, ಉಳಿದವರು ಬರೆದು ಮುಗಿಸುವವರೆಗೆ ಕಾಯುವುದಕ್ಕೆ ಎಷ್ಟೊಂದು ಹೊತ್ತು ಹೋಗುತ್ತದೆ! ಒಂದೇ ಮಗು ಎದುರಿಗೆ ಕೂತಿದ್ದರೆ ಅದ್ಯಾವುದೂ ಬೇಕಿಲ್ಲ. ಇಂಗ್ಲೆಂಡಿನ ಶಿಕ್ಷಣ ಚಿಂತಕಿ ಶಾರ್ಲಟ್ ಮೇಸನ್ (1842–1923) ಚಿಕ್ಕ ಮಕ್ಕಳಿಗೆ ಒಂದು ಪಾಠ 20 ನಿಮಿಷ ದಾಟಬಾರದು ಎನ್ನುತ್ತಿದ್ದರು. ಓದಿದ್ದನ್ನು ಮಗು ತನ್ನ ಮಾತಲ್ಲಿ ತಿರುಗಿ ಹೇಳಬೇಕು, ಅದೇ ಪರೀಕ್ಷೆ. ಎರಡನ್ನೂ ಇವತ್ತಿಗೂ ಸಲಹೆಯಾಗಿ ಕೊಡುತ್ತೇನೆ. ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸವೂ ತಪ್ಪುತ್ತದೆ, ಅಲ್ವಾ?

ಕ್ರೈಸ್ತ ಹೋಮ್‌ಸ್ಕೂಲಿಂಗ್ ಅಂದ ಕೂಡಲೇ ಸುಸಾನಾ ವೆಸ್ಲಿಯವರ ಹೆಸರು ಬರುತ್ತದೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಎಂಬ ಕ್ರೈಸ್ತ ಚಳವಳಿ ಶುರುಮಾಡಿದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯವರ ತಾಯಿ. ಬೆಳಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5 ಅವರ ಪಾಠದ ಹೊತ್ತು. ಇದನ್ನು ಓದಿದ ತಾಯಂದಿರು ತಾವು ಯಾತಕ್ಕೂ ಸಾಲದವರು ಅಂದುಕೊಳ್ಳುತ್ತಾರೆ. ಆ ಮನೆಯಲ್ಲಿ ಕೆಲಸದವರಿದ್ದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ!

ನನಗೆ ಅವರ ಬದುಕಿನ ಬೇರೆ ಎರಡು ಸಂಗತಿ ಹೆಚ್ಚು ಉಪಯೋಗಕ್ಕೆ ಬಂದಿವೆ. 1709ರಲ್ಲಿ ಅವರ ಮನೆ ಸುಟ್ಟುಹೋಯಿತು. ಮನೆ ಮತ್ತೆ ಕಟ್ಟುವವರೆಗೆ ಮಕ್ಕಳು ಬೇರೆ ಬೇರೆಯವರ ಮನೆಗಳಲ್ಲಿದ್ದರು. ವಾಪಸ್ ಬಂದಾಗ ಮಾತು, ನಡತೆ ಎಲ್ಲ ಬದಲಾಗಿತ್ತು. ಅದನ್ನು ತಿದ್ದುವುದು ಕಷ್ಟವಾಯಿತು ಎಂದು ಸುಸಾನಾ 1732ರಲ್ಲಿ ಜಾನ್‌ಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಪಾಠದ ಶುರುವಿಗೂ ಕೊನೆಗೂ ಕೀರ್ತನೆ ಹಾಡುವ ಪದ್ಧತಿ ಬಂದದ್ದು ಆಗಲೇ. ಅಂಥ ತಾಯಿಗೂ ಮಕ್ಕಳನ್ನು ಮತ್ತೆ ಒಂದು ಕ್ರಮಕ್ಕೆ ತರಬೇಕಾಯಿತು. ನಿಮ್ಮ ಮಗು ಶಾಲೆ ಬಿಟ್ಟು ಮನೆಗೆ ಬಂದಿದ್ದರೆ "ಟೀಚರ್ ಹೀಗೆ ಹೇಳಿಕೊಡ್ತಿರಲಿಲ್ಲ" ಎಂದು ಗೊಣಗುವುದು, ಅಮ್ಮನ ಮಾತು ಕೇಳದಿರುವುದು ಸಹಜ. ಕೆಲವು ವಾರ ಪುಸ್ತಕ ಕಡಿಮೆ ಮಾಡಿ. ಏಳುವ ಹೊತ್ತು, ಊಟದ ಹೊತ್ತು, ಪ್ರಾರ್ಥನೆಯ ಹೊತ್ತು, ಇಷ್ಟು ನಿಲ್ಲಲಿ. ಆಮೇಲೆ ಓದು, ಗಣಿತ. ಉಳಿದ ವಿಷಯಗಳನ್ನು ಒಂದೊಂದಾಗಿ ಸೇರಿಸಿ.

ಎರಡನೆಯದು 1712ರ ಸುಮಾರಿನದು. ಈಗಿನ ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ಡೇನಿಷ್ ಮಿಷನರಿಗಳ ವರದಿ ಓದಿ ಸುಸಾನಾ ಅವರ ಮನಸ್ಸು ಕಲಕಿತು. ತಾನು ಏನು ಮಾಡಬಹುದು ಎಂದು ಯೋಚಿಸಿ, ತನ್ನ ಮಕ್ಕಳಿಂದಲೇ ಶುರುಮಾಡಿದರು. ದಿನಕ್ಕೊಂದು ಮಗುವಿನ ಜೊತೆ ಒಂಟಿಯಾಗಿ ಕೂತು ಮಾತಾಡುವುದು. ಗುರುವಾರ ಜಾನ್‌ದು, ಶನಿವಾರ ಚಾರ್ಲ್ಸ್‌ದು. ಧರ್ಮೋಪದೇಶಕಾಂಡ 6ನೇ ಅಧ್ಯಾಯವೂ ಇದನ್ನೇ ಹೇಳುತ್ತದೆ: ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳೊಂದಿಗೆ ಮಾತಾಡಿ ಅಂತ. ಪಾಠ ಅರ್ಧಕ್ಕೆ ನಿಂತ ದಿನವೂ ಈ ಮಾತು ನಿಲ್ಲಬೇಕಿಲ್ಲ.

ಮೂರನೇ ವಾರಕ್ಕೆ ಸಿಲಬಸ್ ಬದಲಿಸುವವರಿಗೆ ಒಂದು ಮಾತು: ತಡೆಯಿರಿ. ಪುಸ್ತಕ ಸರಿಯಿಲ್ಲ ಅಂತ ಹೇಳಲು ಅಷ್ಟು ದಿನ ಸಾಲದು. ಆದರೆ ತಿಂಗಳುಗಟ್ಟಲೆ ದಿನವೂ ಕಲಿಸಿದರೂ ಅಕ್ಷರ ಕೂಡಿಸಿ ಓದಲು ಬರುತ್ತಿಲ್ಲವಾದರೆ ಸುಮ್ನೆ ಕಾಯಬೇಡಿ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದರಲ್ಲಿ ಕಾಣುವ ತೊಂದರೆ, ಇದೆಯೇ ಎಂದು ತಜ್ಞರಲ್ಲಿ ಕೇಳಿ. ಪ್ರಾರ್ಥನೆಗೂ ಪರೀಕ್ಷೆಗೂ ಜಗಳವಿಲ್ಲ. ತಾಯಿಗೆ ವಾರಗಟ್ಟಲೆ ನಿದ್ದೆಯಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ ಅಂದರೆ ಅವರೂ ವೈದ್ಯರನ್ನು ಕಾಣಬೇಕು. ಕಾನೂನನ್ನು ಮೊದಲೇ ನೋಡಿಕೊಂಡಿರಬೇಕು. ಅಮೆರಿಕದ 50 ರಾಜ್ಯಗಳಲ್ಲೂ ಹೋಮ್‌ಸ್ಕೂಲಿಂಗ್‌ಗೆ ಅವಕಾಶವಿದೆ, ಜರ್ಮನಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಬಿಡಬೇಕೋ ಮುಂದುವರಿಸಬೇಕೋ ಎಂಬುದನ್ನು ಕೆಟ್ಟ ದಿನದ ರಾತ್ರಿ ತೀರ್ಮಾನಿಸಬೇಡಿ. ಕ್ಯಾಲೆಂಡರ್‌ನಲ್ಲಿ ಒಂದು ದಿನ ಗುರುತು ಹಾಕಿ. ಅಂದು ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ, ಮಗುವನ್ನೂ ಕೇಳಿ. ಶಾಲೆಗೆ ಕಳಿಸುವುದೇ ಸರಿ ಅನಿಸಿದರೆ ಕಳಿಸಿ. ಅದರಲ್ಲಿ ಪಾಪವೇನಿಲ್ಲ.

ಈ ತಾಯಂದಿರಿಗೆ ಸಭೆಯಲ್ಲಿ ಎಲ್ಲರೂ ಹೇಳುವುದು ಗಲಾತ್ಯ 6ರ 9ನೇ ವಚನ: ಒಳ್ಳೇದು ಮಾಡುವುದರಲ್ಲಿ ಬೇಸರಪಡಬೇಡಿ ಅಂತ. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ ಎನ್ನುವ 2ನೇ ವಚನವೂ ಅದೇ ಅಧ್ಯಾಯದಲ್ಲಿದೆ. ಹಾಗೆ ಹೇಳಲು ಬಂದವರಿಗೆ ನೇರವಾಗಿ ಕೆಲಸ ಕೊಡಿ. ವಾರದಲ್ಲಿ ಎರಡು ಬೆಳಗ್ಗೆ, ದೊಡ್ಡವನ ಗಣಿತ ಮುಗಿಯುವವರೆಗೆ ಎರಡು ವರ್ಷದ ಪುಟ್ಟಿಯನ್ನು ಆಡಿಸುತ್ತೀರಾ ಅಂತ ಕೇಳಿ. ಅಪ್ಪನಿಗೂ ಒಂದು ವಿಷಯ ಪೂರ್ತಿಯಾಗಿ ಬಿಟ್ಟುಕೊಡಿ. ಆಮೇಲೆ ಅವರು ಹೇಗೆ ಕಲಿಸುತ್ತಾರೆ ಅಂತ ಪಕ್ಕದಲ್ಲಿ ನಿಂತು ತಿದ್ದಬೇಡಿ. ಆ ಹೊತ್ತಲ್ಲಿ ಹೋಗಿ ಮಲಗಿ.