ಇಪ್ಪತ್ತು ಸಾವಿರದಲ್ಲಿ ಒಂದು

ಪಿಯುಸಿ ವಿದ್ಯಾರ್ಥಿಗಳಿಗೆ ರುದರ್‌ಫರ್ಡ್ ಅವರ ಪ್ರಯೋಗವನ್ನು ಕಲಿಸುವಾಗ ನಾನು ಪ್ರತಿ ವರ್ಷವೂ ಒಂದು ಪ್ರಶ್ನೆ ಕೇಳುತ್ತೇನೆ: ಚಿನ್ನದ ಹಾಳೆಗೆ ತಾಗಿದ ಕೆಲವು ಆಲ್ಫಾ ಕಣಗಳು (ವಿಕಿರಣಶೀಲ ವಸ್ತುಗಳಿಂದ ಹೊಮ್ಮುವ, ಧನಾವೇಶವುಳ್ಳ ಕಣಗಳು) ಹಿಂದಕ್ಕೆ ಬಂದವೆಂದ ಮಾತ್ರಕ್ಕೆ ಪರಮಾಣುವಿನೊಳಗೆ ಬೀಜಕೇಂದ್ರ (ನ್ಯೂಕ್ಲಿಯಸ್) ಇದೆ ಎಂದು ಹೇಗೆ ಹೇಳುತ್ತೀರಿ? ‘ಗಟ್ಟಿಯಾದ ಯಾವುದಕ್ಕೋ ಬಡಿದಿರಬೇಕು’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಈ ಉತ್ತರದಲ್ಲಿ ಲೆಕ್ಕವಿಲ್ಲ. ರುದರ್‌ಫರ್ಡ್ ಅವರ ನಿಜವಾದ ಸಾಧನೆ ಇರುವುದು ಲೆಕ್ಕದಲ್ಲಿಯೇ.

1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿದ್ದ ರುದರ್‌ಫರ್ಡ್ ಅವರ ಪ್ರಯೋಗಾಲಯದಲ್ಲಿ ಹ್ಯಾನ್ಸ್ ಗೈಗರ್ ಮತ್ತು ಆಗಿನ್ನೂ ಇಪ್ಪತ್ತರ ಹರೆಯದ ವಿದ್ಯಾರ್ಥಿಯಾಗಿದ್ದ ಅರ್ನೆಸ್ಟ್ ಮಾರ್ಸ್‌ಡನ್ ಕತ್ತಲೆ ಕೋಣೆಯಲ್ಲಿ ಕುಳಿತು, ಸತುವಿನ ಸಲ್ಫೈಡ್ ಲೇಪಿಸಿದ ಪರದೆಗೆ ಆಲ್ಫಾ ಕಣ ಬಿದ್ದಾಗಲೆಲ್ಲ ಮಿನುಗುವ ಬೆಳಕಿನ ಚುಕ್ಕೆಗಳನ್ನು ಸೂಕ್ಷ್ಮದರ್ಶಕದ ಮೂಲಕ ಒಂದೊಂದಾಗಿ ಎಣಿಸಿದರು. ಸುಮಾರು 0.00004 ಸೆಂಟಿಮೀಟರ್ ದಪ್ಪದ ಚಿನ್ನದ ಹಾಳೆಯಲ್ಲಿ ಸರಿಸುಮಾರು 20,000 ಕಣಗಳಿಗೆ ಒಂದು, ಸರಾಸರಿ 90 ಡಿಗ್ರಿಯಷ್ಟು ತಿರುಗುತ್ತಿತ್ತು. ಆದರೆ ಅಷ್ಟೇ ದಪ್ಪದ ಹಾಳೆಯಲ್ಲಿ ಅತ್ಯಂತ ಸಂಭವನೀಯ ವಿಚಲನೆ 0.87 ಡಿಗ್ರಿ ಮಾತ್ರ ಎಂದು ಗೈಗರ್ ಕಂಡುಕೊಂಡರು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಧನಾವೇಶವು ಇಡೀ ಪರಮಾಣುವಿನಲ್ಲಿ ಹರಡಿಕೊಂಡಿದೆ ಎಂಬ, ಎಲೆಕ್ಟ್ರಾನನ್ನು ಕಂಡುಹಿಡಿದ ಜೆ.ಜೆ. ಥಾಮ್ಸನ್ ಅವರ ಕಲ್ಪನೆಯ ಪ್ರಕಾರ, ಯಾವ ಪರಮಾಣುವೂ ಆಲ್ಫಾ ಕಣವನ್ನು ಅತ್ಯಲ್ಪಕ್ಕಿಂತ ಹೆಚ್ಚು ತಿರುಗಿಸಲಾರದು. ದೊಡ್ಡ ವಿಚಲನೆ ಆಗಬೇಕಾದರೆ ಅನೇಕ ಸಣ್ಣ ತಳ್ಳಾಟಗಳು ಒಟ್ಟುಗೂಡಬೇಕು. ಜಾತ್ರೆಯ ಜನಜಂಗುಳಿಯಲ್ಲಿ ನಡೆಯುವವನನ್ನು ಎಡದವರೂ ಬಲದವರೂ ತಳ್ಳುತ್ತಾರೆ, ಆದರೂ ಅವನು ಹೆಚ್ಚುಕಡಿಮೆ ನೇರವಾಗಿಯೇ ಮುಂದೆ ಸಾಗುತ್ತಾನೆ. ಸಾಮಾನ್ಯ ವಿಚಲನೆ ಒಂದು ಡಿಗ್ರಿಯೊಳಗೇ ಇರುವಾಗ ಇಂಥ ತಳ್ಳಾಟಗಳಿಂದಲೇ 90 ಡಿಗ್ರಿ ತಿರುಗುವ ಸಾಧ್ಯತೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. 20,000ಕ್ಕೆ ಒಂದು ಎಂಬುದು ಅದರ ಮುಂದೆ ಬಹು ದೊಡ್ಡ ಸಂಖ್ಯೆ. ಹಾಗಾದರೆ ಆ ತಿರುವು ಒಂದೇ ಪರಮಾಣುವಿನೊಡನೆ, ಒಂದೇ ಭೇಟಿಯಲ್ಲಿ ಆಗಿರಬೇಕು. ಆಲ್ಫಾ ಕಣ ಎಲೆಕ್ಟ್ರಾನಿಗಿಂತ ಏಳು ಸಾವಿರ ಪಟ್ಟಿಗೂ ಹೆಚ್ಚು ಭಾರವಾದ್ದರಿಂದ ಎಲೆಕ್ಟ್ರಾನ್ ಅದನ್ನು ತಿರುಗಿಸುವ ಪ್ರಶ್ನೆಯೇ ಇಲ್ಲ. ಉಳಿಯುವ ದಾರಿ ಒಂದೇ: ಆವೇಶವೆಲ್ಲ ಅತಿ ಚಿಕ್ಕ ಜಾಗದಲ್ಲಿ ಸಾಂದ್ರವಾಗಿರಬೇಕು. ಕೇಂದ್ರದತ್ತ ನೇರವಾಗಿ ಧಾವಿಸುವ ಕಣ ಅದರಿಂದ ಸುಮಾರು 3.4×10⁻¹² ಸೆಂಟಿಮೀಟರ್ ದೂರದವರೆಗೆ ಹೋಗಿ ನಿಲ್ಲುತ್ತದೆ ಎಂದು ರುದರ್‌ಫರ್ಡ್ ಲೆಕ್ಕ ಹಾಕಿದರು. ಪರಮಾಣುವಿನ ತ್ರಿಜ್ಯವಾದರೋ 10⁻⁸ ಸೆಂಟಿಮೀಟರ್‌ನ ಆಸುಪಾಸಿನಲ್ಲಿದೆ.

1911ರ ಅವರ ಪ್ರಬಂಧವನ್ನು ಓದುವಾಗ ನನಗೆ ಅತ್ಯಂತ ಹಿಡಿಸುವುದು ಅದರ ಸಂಯಮ. ‘ನ್ಯೂಕ್ಲಿಯಸ್’ ಎಂಬ ಪದವನ್ನು ಅವರು ಅಲ್ಲಿ ಬಳಸಲಿಲ್ಲ. ಕೇಂದ್ರದಲ್ಲಿರುವ ಆವೇಶ ಧನವೋ ಋಣವೋ ಎಂಬುದನ್ನೂ ತೀರ್ಮಾನಿಸದೆ ಬಿಟ್ಟರು. ಬದಲಿಗೆ ಯಾವ ಕೋನದಲ್ಲಿ ಎಷ್ಟು ಕಣಗಳು ಸಿಗಬೇಕೆಂದು ಹೇಳುವ ಸೂತ್ರವೊಂದನ್ನು ಕೊಟ್ಟರು. ಗೈಗರ್ ಮತ್ತು ಮಾರ್ಸ್‌ಡನ್ 1913ರಲ್ಲಿ 5ರಿಂದ 150 ಡಿಗ್ರಿಯವರೆಗಿನ ಕೋನಗಳಲ್ಲಿ ಅದನ್ನು ಪರೀಕ್ಷಿಸಿದಾಗ, ಕಣಗಳ ಸಂಖ್ಯೆ 1ರಿಂದ 2,50,000ದವರೆಗೆ ಬದಲಾದರೂ ಸೂತ್ರ ತಪ್ಪಲಿಲ್ಲ.

ಅಂಥ ಪರಮಾಣು ಕುಸಿಯದೆ ಹೇಗೆ ಉಳಿಯುತ್ತದೆ ಎಂಬುದನ್ನು ಈ ಹಂತದಲ್ಲಿ ಪರಿಗಣಿಸಬೇಕಾಗಿಲ್ಲ ಎಂದು ರುದರ್‌ಫರ್ಡ್ ಅದೇ ಪ್ರಬಂಧದಲ್ಲಿ ಸ್ಪಷ್ಟಪಡಿಸಿದ್ದರು. ಮರುವರ್ಷ ಮ್ಯಾಂಚೆಸ್ಟರ್‌ಗೆ ಬಂದ ನೀಲ್ಸ್ ಬೋರ್ ಎಂಬ ಡೆನ್ಮಾರ್ಕ್‌ನ ತರುಣ ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು.