ಬಯೋಕಂಪ್ಯಾಟಿಬಿಲಿಟಿ ಅಂದರೆ ಮೈಗೆ ಒಗ್ಗುವುದು

ಹೊಸ ಊರಿನ ನೀರು ಒಗ್ಗಲಿಲ್ಲ ಅನ್ನುತ್ತೇವೆ. ಬಯೋಕಂಪ್ಯಾಟಿಬಿಲಿಟಿ ಎಂಬ ಉದ್ದನೆಯ ಪದಕ್ಕೆ ಈ ‘ಒಗ್ಗುವುದು’ ಅನ್ನೋದೇ ಸರಿಯಾದ ಕನ್ನಡ ಅಂತ ನನಗನಿಸುತ್ತದೆ. ಪೇಸ್‌ಮೇಕರ್, ಸ್ಟೆಂಟ್ (ರಕ್ತನಾಳ ಮುಚ್ಚದಂತೆ ಒಳಗಿಡುವ ಜಾಲರಿ ಕೊಳವೆ), ಕೃತಕ ಮಂಡಿ ಕೀಲು, ಇವುಗಳ ಲೋಹ, ಪ್ಲಾಸ್ಟಿಕ್ ಮೈಗೆ ಒಗ್ಗುತ್ತವೆಯೇ ಎಂಬುದು ಇಲ್ಲಿನ ಪ್ರಶ್ನೆ.

ಒಗ್ಗಿತು ಅಂದರೆ ಮೈ ಅದನ್ನು ಗಮನಿಸಲೇ ಇಲ್ಲ ಅಂತಲ್ಲ. ಕಾಲಲ್ಲಿ ಮುಳ್ಳು ಮುರಿದು ಉಳಿದರೆ ಅಲ್ಲೊಂದು ಗಟ್ಟಿ ಗಂಟು ಕಟ್ಟುತ್ತದೆ ಅಲ್ವಾ? ಇಂಪ್ಲಾಂಟ್, ಅಂದರೆ ಹೀಗೆ ಮೈಯೊಳಗೆ ಕೂರಿಸಿದ ವಸ್ತುವಿನ ಸುತ್ತ ನಡೆಯುವುದೂ ಹೆಚ್ಚುಕಡಿಮೆ ಅದೇ. ಒಳಗಿಟ್ಟ ಕೆಲವೇ ಸೆಕೆಂಡುಗಳಲ್ಲಿ ರಕ್ತದ ಪ್ರೋಟೀನುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಆಮೇಲೆ ಬರುವ ಬಿಳಿ ರಕ್ತಕಣಗಳಿಗೆ ಮೊದಲು ಸಿಗುವುದು ಲೋಹವಲ್ಲ, ಈ ಪ್ರೋಟೀನಿನ ಪದರ. ಅವುಗಳ ಹಿಂದೆಯೇ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಕ್ರಿಮಿಗಳನ್ನು ನುಂಗಿ ಹಾಕುವುದು ಇವುಗಳ ಕೆಲಸ. ಇಷ್ಟು ದೊಡ್ಡದನ್ನು ನುಂಗುವುದು ಹೇಗೆ? ಹಲವು ಸೇರಿ ಒಂದೇ ದೈತ್ಯಕಣವಾಗುತ್ತವೆ. ಅದರಿಂದಲೂ ಆಗದಿದ್ದಾಗ ಸುತ್ತಲೂ ಕೊಲಾಜೆನ್ ನಾರಿನ ಚೀಲವೊಂದು ಹೆಣೆದುಕೊಳ್ಳುತ್ತದೆ. ಇದಕ್ಕೆ ಕೆಲವು ವಾರ ಸಾಕು.

ಈ ಚೀಲ ಒಳ್ಳೆಯದೋ ಕೆಟ್ಟದ್ದೋ? ಅದು ಉಪಕರಣದ ಕೆಲಸವನ್ನು ನೋಡಿ ಹೇಳಬೇಕಾದ ಮಾತು. ಪೇಸ್‌ಮೇಕರ್ ಪೆಟ್ಟಿಗೆ ವರ್ಷಗಟ್ಟಲೆ ಅದರೊಳಗೆ ತೊಂದರೆಯಿಲ್ಲದೆ ಕೂತಿರುತ್ತದೆ. ಮೈಯ ಸಕ್ಕರೆ ಅಳೆಯಲು ಚರ್ಮದಡಿ ಇಡುವ ಸೆನ್ಸರ್‌ಗೆ ಮಾತ್ರ ಅದೇ ಚೀಲ ಅಡ್ಡಗೋಡೆ. ಸಕ್ಕರೆ ಅದನ್ನು ದಾಟಿ ಸೆನ್ಸರ್ ತಲುಪುವುದು ತಡವಾಗುತ್ತದೆ. ಹಾಗಾಗಿ ಒಂದು ವಸ್ತುವನ್ನು ಸುಮ್ನೆ ‘ಬಯೋಕಂಪ್ಯಾಟಿಬಲ್’ ಅಂದರೆ ಅರ್ಧ ಮಾತು. ಎಲ್ಲಿ, ಯಾವ ಕೆಲಸಕ್ಕೆ ಅಂತಲೂ ಹೇಳಬೇಕು.

ಮೂಳೆಯಲ್ಲಿ ಟೈಟಾನಿಯಂ ಕಥೆಯೇ ಬೇರೆ. 1950ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯೊಳಗಿನ ರಕ್ತದ ಹರಿವು ನೋಡಲು ಟೈಟಾನಿಯಂನ ಪುಟ್ಟ ಉಪಕರಣ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಅದಕ್ಕೆ ನೇರವಾಗಿ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಇದೇ ಗುಣವನ್ನು ಹಲ್ಲು ಕಟ್ಟಲು ಬಳಸಿದರು. ಟೈಟಾನಿಯಂ ಮೇಲೆ ತಾನಾಗಿಯೇ ಕಟ್ಟುವ ತೆಳು ಆಕ್ಸೈಡ್ ಪದರ ಲೋಹ ತುಕ್ಕು ಹಿಡಿದು ಸವೆಯದಂತೆ ಕಾಯುತ್ತದೆ.

ಮೂಳೆಗೆ ಒಗ್ಗಿದ್ದು ರಕ್ತಕ್ಕೂ ಒಗ್ಗಬೇಕು ಅಂತೇನಿಲ್ಲ. ಹರಿಯುವ ರಕ್ತಕ್ಕೆ ಲೋಹ ತಾಗಿದರೆ ಹೆಪ್ಪುಗಟ್ಟುವ ಭಯ. ಲೋಹ, ಕಾರ್ಬನ್‌ನಿಂದ ಮಾಡಿದ ಹೃದಯ ಕವಾಟ ಹಾಕಿಸಿಕೊಂಡವರು ಜೀವನಪೂರ್ತಿ ವಾರ್ಫರಿನ್‌ನಂಥ ಮಾತ್ರೆ ನುಂಗುವುದು ಇದಕ್ಕೇ. ಸ್ಟೆಂಟ್ ವಿಷಯದಲ್ಲಿ ಅದರ ತಂತಿಗಳ ಮೇಲೆ ರಕ್ತನಾಳದ ಒಳಪದರ ಹೊಸದಾಗಿ ಬೆಳೆದು ಮುಚ್ಚಿಕೊಳ್ಳುವವರೆಗೆ ಅಪಾಯ ಜಾಸ್ತಿ. ಎದೆನೋವು ಹೋಯಿತಲ್ಲ ಅಂತ ಡಾಕ್ಟರನ್ನು ಕೇಳದೆ ‘ರಕ್ತ ತೆಳು ಮಾಡೋ ಮಾತ್ರೆ’ ನಿಲ್ಲಿಸಿದರೆ, ಆ ಪದರ ಇನ್ನೂ ಪೂರ್ತಿ ಬೆಳೆದಿರಲಿಕ್ಕಿಲ್ಲ.